ಪಾರಿಜಾತದ ಬಯಲು



ಶ್ರೀಕೃಷ್ಣ ಪಾರಿಜಾತಕ್ಕೆ ಬೇಕಾದದ್ದು ಕಟ್ಟಡವಲ್ಲ, ಬಯಲು. ಅಪರಾಳ ತಮ್ಮಣ್ಣನ ಕೃತಿಯನ್ನು ಆಧರಿಸಿ 19ನೆಯ ಶತಮಾನದಲ್ಲಿ ಕುಲಗೋಡ ತಮ್ಮಣ್ಣನು ಈ ಆಟವನ್ನು ಬೆಳೆಸಿದನು. ಕುಲಗೋಡವೂ, ಮುಂದೆ ಇದೇ ಆಟದಿಂದ ನಾಡಿಗೆಲ್ಲ ಹೆಸರಾದ ನಿಂಗಮ್ಮನವರ ಕೌಜಲಗಿಯೂ ಹಳೆಯ ಗೋಕಾಕ ತಾಲ್ಲೂಕಿನ ಊರುಗಳೇ. ಮೂಡಲಗಿ ಬೇರೆ ತಾಲ್ಲೂಕಾದದ್ದು ತೀರ ಈಚೆಗೆ.

ನಾರದನು ತಂದ ಹೂವು ರುಕ್ಮಿಣಿಗೆ ದೊರೆಯುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಇಷ್ಟು ಕಥೆಯನ್ನು ರಾತ್ರಿಯಿಡೀ ನಡೆಸುವುದು ಹಾಡು, ಜೊತೆಗೆ ಭಾಗವತ ಮತ್ತು ದೂತಿಯರ ಮಾತು. ಆ ಮಾತಿನ ಚೇಷ್ಟೆ ಎದುರು ಕುಳಿತವರ ನಗೆಯಿಂದಲೇ ಮುಂದುವರಿಯುವಂಥದು. ಗುಡಿಯ ಮುಂದಿನ ಅಂಗಳ, ಒಂದು ಚಪ್ಪರ, ನೆಲದ ಮೇಲೆ ಒತ್ತಾಗಿ ಕುಳಿತ ಜನ, ಇಷ್ಟಿದ್ದರೆ ಸಾಕಿತ್ತು.

ಈಗ ಹಳ್ಳಿಗಳಲ್ಲಿ ಬಯಲು ರಂಗಮಂದಿರಗಳು ಎದ್ದಿವೆ. ಕಲಾವಿದರಿಗೆ ಸೂರು, ದೀಪ ದೊರೆತವು, ಒಪ್ಪತಕ್ಕ ಮಾತೇ. ಆದರೆ ಮೂರು ಗೋಡೆಯ ಎತ್ತರದ ಕಟ್ಟೆ ದೂತಿಯನ್ನು ಜನರಿಂದ ದೂರ ಮಾಡುತ್ತದೆ. ಅಂಗಳಕ್ಕೆ ಹಾಕಿದ ಕಾಂಕ್ರೀಟು ಹಗಲಿನ ಕಾವನ್ನು ರಾತ್ರಿಗೂ ಉಳಿಸಿಕೊಳ್ಳುತ್ತದೆ, ಮಳೆನೀರನ್ನು ಇಂಗಗೊಡುವುದಿಲ್ಲ. ಬೇವಿನ ಮರ ಅಡ್ಡ ಬಂದರೆ ಅದೇ ಮೊದಲು ಉರುಳುತ್ತದೆ. ಒಂದು ಹೂವಿಗಾಗಿ ಬೆಳಗಿನವರೆಗೆ ಹಾಡುವ ಆಟಕ್ಕೆಂದು ಮರ ಕಡಿಯುವುದೇ?

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ನೀರು ಇಳಿದಾಗ ಮುಳುಗಡೆಯಾದ ಹುನ್ನೂರಿನ ವಿಠ್ಠಲ ಮಂದಿರ ಮೇಲೆದ್ದು ಕಾಣುತ್ತದೆ. ಗುಡಿ ನಿಂತಿದೆ, ಅದರ ಮುಂದೆ ಕೂಡುತ್ತಿದ್ದ ಊರಿಲ್ಲ. ಆ ಅಂಗಳ ಮರಳಿ ಬಾರದು. ಪಂಚಾಯಿತಿಯ ನಕ್ಷೆಯಲ್ಲಿರುವ ಅಂಗಳದ ಮಾತು ಬೇರೆ. ಕಟ್ಟೆ ಎಷ್ಟು ಎತ್ತರ, ಮೂರು ಬದಿ ತೆರೆದಿರುವುದೇ, ಮರ ಉಳಿಯುವುದೇ ಎಂದು ಪಾರಿಜಾತದ ಮೇಳದವರೊಂದಿಗೆ ಗ್ರಾಮಸಭೆಗೆ ಹೋಗಿ ಕೇಳಬಹುದು, ಗುತ್ತಿಗೆ ಕೊಡುವುದಕ್ಕೆ ಮುನ್ನವೇ.