ಪಹಣಿಯಲ್ಲಿ ಯಾರ ಹೆಸರಿದೆ?

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ನೀಡಿದ ಭಾಷಣ)



ಹೊಸಪೇಟೆಯ ಕಬ್ಬಿನ ಹೊಲವಿರಲಿ, ಹಂಪಿ ಕಡೆಯ ಬಾಳೆ ತೋಟವಿರಲಿ, ಕಂಪ್ಲಿಯ ಭತ್ತದ ಗದ್ದೆಯಿರಲಿ, ಸಂಡೂರಿನ ಜೋಳದ ಹೊಲವಿರಲಿ, ಬೆಳಗಿನಿಂದ ಬಗ್ಗಿ ದುಡಿಯುವವರು ಹೆಣ್ಣುಮಕ್ಕಳೇ. "ಪಹಣಿ ಯಾರ ಹೆಸರಲ್ಲಿದೆ?" ಅಂತ ನಾವು ಕೇಳಿದರೆ ಮಾತ್ರ, "ಮಾವನ ಹೆಸರಲ್ಲಿರಬೇಕು ಸಿಸ್ಟರ್" ಅಂತಾರೆ. ಮಾವ ತೀರಿಕೊಂಡು ಹದಿನೈದು ವರ್ಷವಾಗಿರುತ್ತದೆ! ಬೆಳೆ ಪರಿಹಾರಕ್ಕೂ ಬ್ಯಾಂಕಿನ ಸಾಲಕ್ಕೂ ಪಹಣಿಯಲ್ಲಿ ಹೆಸರಿದ್ದವರನ್ನೇ ಕೇಳುತ್ತಾರೆ. ಗಂಡನನ್ನು ಕಳಕೊಂಡವಳು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಮೊದಲು ಪಹಣಿ ತೆಗೆಸಿ, 9ನೇ ಕಾಲಂ ನೋಡಿ. ಒಬ್ಬರದೇ ಹೆಸರೋ, ಜಂಟಿಯೋ ಅಲ್ಲಿ ಗೊತ್ತಾಗುತ್ತದೆ. ಸಾಲದ ವಿವರ 11ನೇ ಕಾಲಂನಲ್ಲಿರುತ್ತದೆ. ಆದರೆ ಪಹಣಿ ಕಂದಾಯದ ದಾಖಲೆ. ಅಣ್ಣನ ಹೆಸರೊಂದೇ ಇದೆ ಅಂದಮಾತ್ರಕ್ಕೆ ತಂಗಿಯ ಪಾಲು ಹೋಗುವುದಿಲ್ಲ.

"ಜಂಟಿ ಅಂದರೆ ಒಬ್ಬರು ಹೋದ ಮೇಲೆ ಉಳಿದವರಿಗೇ ಎಲ್ಲಾ ಬರುತ್ತದಲ್ಲ?" ಅಂತ ಬಹಳ ಮಂದಿ ನಂಬಿದ್ದಾರೆ. ಹಾಗಿಲ್ಲ. ಗಂಡ ಹೆಂಡತಿ ಸೇರಿ 4 ಎಕರೆ ಕೊಂಡರು, ಕ್ರಯಪತ್ರದಲ್ಲಿ ಸಮಪಾಲು ಅಂತ ಬರೆಸಿದರು ಅನ್ನೋಣ. ಗಂಡ ಉಯಿಲು ಬರೆಯದೆ ತೀರಿಕೊಂಡರೆ, ಹಿಂದೂ ಕುಟುಂಬದಲ್ಲಿ ಅವನ 2 ಎಕರೆ ತಾಯಿ, ಹೆಂಡತಿ, ಮಗ, ಮಗಳು ನಾಲ್ವರಿಗೂ ಸಮ, ತಲಾ 20 ಗುಂಟೆ. ಹೆಂಡತಿಗೆ ಒಟ್ಟು ಎರಡೂವರೆ ಎಕರೆ ಉಳಿಯಿತು. ಕ್ರಯಪತ್ರ ಗಂಡನೊಬ್ಬನ ಹೆಸರಲ್ಲೇ ಆಗಿದ್ದರೆ ಅವಳಿಗೆ ಬರುತ್ತಿದ್ದುದು ಒಂದೇ ಎಕರೆ. ಕೊಳ್ಳುವಾಗಲೇ ಇಬ್ಬರ ಹೆಸರು ಹಾಕಿಸಿ ಅಂತ ನಾವು ಬಡಕೊಳ್ಳುವುದು ಇದಕ್ಕೇ.

ನಮ್ಮ ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ವಿಧವೆಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ.

ಪಿತ್ರಾರ್ಜಿತ ಆಸ್ತಿಯ ವಿಷಯ ಬೇರೆ. ಹಿಂದೂ ಹೆಣ್ಣುಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದಲೇ ಹಕ್ಕುಂಟು ಅಂತ 1994ರಲ್ಲಿ ನಮ್ಮ ರಾಜ್ಯ ತಿದ್ದುಪಡಿ ತಂದಿತು. ಅಷ್ಟರೊಳಗೆ ಮದುವೆಯಾಗಿದ್ದವರು ಅದರಿಂದ ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 20 ಡಿಸೆಂಬರ್ 2004ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರವಿದ್ದರೆ ಅದು ಹಾಗೇ ನಿಲ್ಲುತ್ತದೆ. ಸಂಡೂರು ಕಡೆಯ ನಾಯಕ ಸಮುದಾಯದವರೇ, ಪರಿಶಿಷ್ಟ ಪಂಗಡಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ. ನೀವು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಇಷ್ಟೆಲ್ಲ ಹಕ್ಕಿದ್ದರೂ ಹೋಗುವುದು ಒಂದು ಹೆಬ್ಬೆಟ್ಟಿನಲ್ಲಿ. ಹಬ್ಬಕ್ಕೆ ಕರೆಸಿ, ಸೀರೆ ಉಡಿಸಿ, ಅರಿಶಿಣ ಕುಂಕುಮ ಕೊಟ್ಟು, "ಒಂದು ಸಹಿ ಹಾಕವ್ವ" ಅಂತ ಉಪ ನೋಂದಣಿ ಕಚೇರಿಗೆ ಕರಕೊಂಡು ಹೋಗುತ್ತಾರೆ. ಅದು ಹಕ್ಕು ಬಿಡುಗಡೆ ಪತ್ರ. ತವರು ಬೇಕು, ನಿಜ. ಅಣ್ಣತಮ್ಮಂದಿರ ಮೇಲಿನ ಪ್ರೀತಿಯಿಂದ ತಿಳಿದೇ ಬಿಟ್ಟುಕೊಟ್ಟರೆ ನಮ್ಮ ತಕರಾರಿಲ್ಲ. ಓದಿಸಿ ಕೇಳದೆ ಮಾತ್ರ ಒತ್ತಬೇಡಿ.

ಮಾವನ ಹೆಸರೇ ಇದ್ದವರು ಪೌತಿ ಖಾತೆಗೆ ಅರ್ಜಿ ಕೊಡಿ. ಮರಣ ಪ್ರಮಾಣಪತ್ರ, ಪಹಣಿ, ಆಧಾರ್, ವಂಶವೃಕ್ಷ ಬೇಕಾಗುತ್ತದೆ. ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ. ನಿಮ್ಮ ಹೆಸರು ಬರೆದಿದ್ದಾರೋ ಇಲ್ಲವೋ ಅಂತ ತವರಿನ ವಂಶವೃಕ್ಷವನ್ನೂ ಒಮ್ಮೆ ನೋಡಿಬನ್ನಿ.