ಒತ್ತಕ್ಷರಕ್ಕೆ ಬೇಕಾದ ಜಾಗ



30 ವರ್ಷಗಳ ಕಾಲ ವಿದ್ಯಾರ್ಥಿಗಳ ಕಾಗುಣಿತದ ತಪ್ಪುಗಳನ್ನು ತಿದ್ದಿದವನು ನಾನು. ತಪ್ಪಲ್ಲದುದನ್ನು ತಪ್ಪೆಂದು ಗದರಿದ ಪ್ರಸಂಗವೊಂದು ನಿವೃತ್ತಿಯ ಅನಂತರ ನನಗೆ ಒದಗಿತು. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ನನಗೆ ಅಣ್ಣನಂತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ತೀರಿಕೊಂಡ ಮೇಲೆ, ಅವರ ಮಗ ತಂದೆಯ ಅಪ್ರಕಟಿತ ಪ್ರಬಂಧಗಳಿಗಾಗಿ ಜಾಲಪುಟವೊಂದನ್ನು ರಚಿಸಿದ. ಮೊದಲ ಪ್ರಬಂಧದ ಹೆಸರು ‘ನಮ್ಮ ಹಳ್ಳಿ’. ಅತ್ತಿಗೆಯವರು ಅದನ್ನು ತಮ್ಮ ಫೋನಿನಲ್ಲಿ ತೆರೆದು ನನ್ನ ಕೈಗಿತ್ತರು. ಅಲ್ಲಿ ಕಂಡದ್ದು ‘ನಮ ಹಳಿ’! “ಇವರು ಹೀಗೆ ಬರೆಯುವವರಲ್ಲವಲ್ಲ” ಎಂದಷ್ಟೇ ಹೇಳಿ ಅವರು ಸುಮ್ಮನಾದರು. ನಾನು ಸುಮ್ಮನಿರಲಿಲ್ಲ. ಹುಡುಗನಿಗೆ ಫೋನು ಮಾಡಿ, ಒತ್ತುಗಳನ್ನೆಲ್ಲ ಬಿಟ್ಟು ತಂದೆಯ ಹೆಸರಿಗೆ ಮಸಿ ಬಳಿದೆಯಲ್ಲ ಎಂದುಬಿಟ್ಟೆ. ಅವನು ಮೆಲ್ಲಗೆ, “ಚಿಕ್ಕಪ್ಪ, ಶೀರ್ಷಿಕೆಯನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ” ಎಂದ. ಹಾಗೆಯೇ ಮಾಡಿದೆ. ಒತ್ತುಗಳೆಲ್ಲ ಇದ್ದಲ್ಲಿಯೇ ಇದ್ದವು.

ಗ್ರಂಥಸಂಪಾದನೆಯನ್ನು ಪಾಠ ಮಾಡಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಲಿಪಿಕಾರನು ಅಕ್ಷರ ಬಿಡುವುದು ಬೇರೆ. ಓಲೆಯ ಅಂಚು ಮುರಿದು ಅಕ್ಷರ ಕಾಣದಾಗುವುದು ಬೇರೆ. ಮೊದಲನೆಯದು ಬರಹದ ದೋಷ, ಎರಡನೆಯದು ತೋರಿಕೆಯ ದೋಷ. ಜಾಲಪುಟದ ಚಿಕಿತ್ಸೆಯೂ ಈ ವಿವೇಚನೆಯಿಂದಲೇ ಆರಂಭವಾಗಬೇಕು. ಗುಣಿತದ ಚಿಹ್ನೆಯೊಡನೆ ಚುಕ್ಕಿಗಳ ವೃತ್ತವೊಂದು ಕಂಡರೆ, ವ್ಯಂಜನವಿಲ್ಲದೆ ಚಿಹ್ನೆ ಬಂದಿದೆಯೇ ಎಂದು ಬರಹವನ್ನು ನೋಡಬೇಕು. ನಮ್ಮಲ್ಲಿ ಬರಹ ನಿರ್ದೋಷವಾಗಿತ್ತು.

ಯೂನಿಕೋಡ್ ವ್ಯವಸ್ಥೆಯಲ್ಲಿ ಒತ್ತಿಗೆ ಪ್ರತ್ಯೇಕ ಸಂಕೇತವಿಲ್ಲ. ‘ಹಳ್ಳಿ’ ಎಂಬಲ್ಲಿ ಹಕಾರ, ಳಕಾರ, ಹಲಂತದ ಚಿಹ್ನೆ, ಮತ್ತೊಂದು ಳಕಾರ, ಇಕಾರದ ಗುಣಿತ ಹೀಗೆ 5 ಸಂಕೇತಗಳಿರುತ್ತವೆ. ಎರಡನೆಯ ಳಕಾರವನ್ನು ಒತ್ತಾಗಿ ಕೆಳಗಿಳಿಸುವುದು ಫಾಂಟಿನ ಕೆಲಸ. ಫಾಂಟು ಅದನ್ನು ಇಳಿಸಿಯೇ ಇತ್ತು. ಕೆಳಗೆ ಜಾಗವಿರಲಿಲ್ಲ ಅಷ್ಟೆ. ಹುಡುಗ ಬಳಸಿದ್ದು ರೋಮನ್ ಅಕ್ಷರಗಳ ಅಳತೆಗೆ ಸಿದ್ಧಪಡಿಸಿದ ನಮೂನೆ. ಅದರ ಶೀರ್ಷಿಕೆಯ ಚೌಕಕ್ಕೆ ಎತ್ತರ ನಿಗದಿಯಾಗಿತ್ತು. ಹೊರಚಾಚಿದುದನ್ನು ಮರೆಮಾಡಬೇಕೆಂಬ ಆದೇಶವೂ ಅಲ್ಲಿತ್ತು. ಹುಡುಗನ ಕಂಪ್ಯೂಟರಿನಲ್ಲಿ ಒತ್ತುಗಳು ಹೇಗೋ ಒಳಗೆ ಹಿಡಿದಿದ್ದವು. ಕಣ್ಣು ಮಂದವಾದ ಅತ್ತಿಗೆಯವರು ಫೋನಿನ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದರು. ಅಕ್ಷರ ಬೆಳೆಯಿತು, ಚೌಕ ಬೆಳೆಯಲಿಲ್ಲ, ಒತ್ತುಗಳು ಕತ್ತರಿಸಿಹೋದವು.

ಮರುದಿನ ಇಬ್ಬರೂ ಕುಳಿತು ತಿದ್ದಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಅವನ ನಿಯಮ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದು ಗುಣ ಕೊಟ್ಟಿತೆಂದು ತಿಳಿಯದು. ಮೊದಲು ನಿಗದಿತ ಎತ್ತರವನ್ನು ತೆಗೆದುಹಾಕಿದ. ಏನೂ ಬದಲಾಗಲಿಲ್ಲ! ಬ್ರೌಸರು ತಾನು ಕೂಡಿಟ್ಟಿದ್ದ ಹಳೆಯ ಪ್ರತಿಯನ್ನೇ ತೋರಿಸುತ್ತಿತ್ತು. ಅದನ್ನು ಅಳಿಸಿ ಹೊಸದಾಗಿ ತೆರೆದಾಗ ಒತ್ತುಗಳು ಇಳಿದು ಬಂದವು. ಒಳಗಿನ ಬರಹದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತಿತ್ತು. ಅಕ್ಷರದ ಗಾತ್ರದ 1.2 ಪಟ್ಟಿದ್ದ ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿದ, ಪುಟ ಉಸಿರಾಡಿತು. ಹಿಂದೆ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವವರು ಸಾಲುಗಳ ನಡುವೆ ಸೀಸದ ತೆಳುಪಟ್ಟಿಗಳನ್ನಿಡುತ್ತಿದ್ದುದು ನನಗೆ ನೆನಪಾಯಿತು.

ಕೊನೆಯ ಪರೀಕ್ಷೆ ಅತ್ತಿಗೆಯವರ ಫೋನಿನಲ್ಲಿ. ಅವರು ಕನ್ನಡಕ ಸರಿಪಡಿಸಿಕೊಂಡು, “ನಮ್ಮ ಹಳ್ಳಿ” ಎಂದು ಓದಿದರು; ಅಲ್ಲಿಗೆ ನಿಲ್ಲಿಸದೆ ಪ್ರಬಂಧವನ್ನೂ ಓದತೊಡಗಿದರು. ನಾನು ಹುಡುಗನ ಕಡೆ ತಿರುಗಿ, “ನಿನ್ನನ್ನು ಗದರಿದ್ದು ನನ್ನದೇ ತಪ್ಪಪ್ಪ” ಎಂದೆ.

ಮಿತ್ರರೆ, ತೆರೆಯ ಮೇಲೆ ಕನ್ನಡ ಕೆಟ್ಟು ಕಂಡಾಗ ಬರೆದವರನ್ನು ದೂರುವ ಮುನ್ನ ಆ ಬರಹವನ್ನು ಒಮ್ಮೆ ಬೇರೆಡೆಗೆ ಅಂಟಿಸಿ ನೋಡಿ. ಪುಟ ಕಟ್ಟುವವರು ತಮ್ಮ ತೆರೆಯ ಜೊತೆಗೆ ವಯಸ್ಸಾದವರ ಫೋನಿನಲ್ಲಿಯೂ ಅದನ್ನು ತೆರೆದು ನೋಡಲಿ.