ಜಿಪ್ಸಿ, ಅತ್ತೆ ಮತ್ತು ನಾನು



‘ನನ್ನ ಹವ್ಯಾಸ’ದ ಬಗ್ಗೆ ಮಾತಾಡಿ ಎಂದಿದ್ದೀರಿ. ರಂಗೋಲಿ, ಕಸೂತಿ, ಕೈತೋಟ ಎಂದುಕೊಂಡಿದ್ದರೆ ಕ್ಷಮಿಸಿ. ನನ್ನ ಕೈಯಲ್ಲಿರುವುದು ಪಾನಾ ಮತ್ತು ಗ್ರೀಸ್ ಗನ್ನು.

ಕಾತ್ರಜದ ನಮ್ಮ ಮನೆಯ ಅಂಗಳದಲ್ಲಿ 2003ರ ಮಾರುತಿ ಜಿಪ್ಸಿ ಕಿಂಗ್ ಇದೆ. 1985ರಲ್ಲಿ ರಸ್ತೆಗಿಳಿದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್ ಇತ್ತು; 1996ರಲ್ಲಿ ಬಂದ ಕಿಂಗ್‌ಗೆ 1298 ಸಿಸಿ. ನಮ್ಮದು ಮಾವನವರ ಗಾಡಿ. ಅವರು ತೀರಿಕೊಂಡ ಮೇಲೆ ‘ಗುಜರಿಗೆ ಹಾಕಿಬಿಡಿ’ ಎಂದವರೇ ಹೆಚ್ಚು. ಅತ್ತೆ ಏನೂ ಹೇಳಲಿಲ್ಲ. ಸಂಜೆಯಾದರೆ ಒಂದು ಬಟ್ಟೆ ತೆಗೆದುಕೊಂಡು ಅದರ ಬಾನೆಟ್ ಒರೆಸುತ್ತಿದ್ದರು. ಅದನ್ನು ನೋಡಿ, ಉಳಿಸಿಕೊಳ್ಳೋಣ ಎಂದೆ.

ಉಳಿಸಿಕೊಳ್ಳುವುದು ಎಂದರೆ ಸಿಂಗಾರ ಮಾಡುವುದು ಎಂದುಕೊಂಡಿದ್ದೆ. ಅದೇ ನನ್ನ ತಪ್ಪು. ದೊಡ್ಡ ಟೈರು, ಹೆಚ್ಚಿನ ಲೈಟು ಹಾಕಿಸಿ ಹಣ ಸುರಿದೆ. ಅತ್ತೆಯನ್ನು ನಾರಾಯಣಪುರದ ದತ್ತನ ದರ್ಶನಕ್ಕೆ ಕರೆದುಕೊಂಡು ಹೋದೆ. ವಾಪಸು ಬರುವಾಗ ಹಳೆಯ ಕಾತ್ರಜ ಸುರಂಗ ದಾಟಿ ಘಾಟು ಇಳಿಯುತ್ತಿದ್ದೆವು. ಮೇಲಿನ ಗೇರಿನಲ್ಲೇ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಸುತ್ತಿದ್ದೆ. ಒಂದು ತಿರುವಿನಲ್ಲಿ ಪೆಡಲು ಮೆತ್ತಗೆ ಒಳಗೆ ಹೋಗಿಬಿಟ್ಟಿತು. ಗಾಡಿ ನಿಲ್ಲಲಿಲ್ಲ. ಎರಡನೇ ಗೇರಿಗೆ ಎಳೆದು, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿ, ಗುಡ್ಡದ ಬದಿಯ ಮಣ್ಣಿಗೆ ತಾಗಿಸಿ ನಿಲ್ಲಿಸಿದೆ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದು ಒಳಗೆ ಆವಿ ಎದ್ದರೆ, ಎಷ್ಟು ತುಳಿದರೂ ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ. ನಮ್ಮ ಗಾಡಿಯ ಆಯಿಲ್ ಚಹಾದಷ್ಟು ಕಪ್ಪಾಗಿತ್ತು. ಮೇಲೆ ನನ್ನ ದೊಡ್ಡ ಟೈರುಗಳ ಭಾರ ಬೇರೆ.

ನಮ್ಮ ಕಡೆಯ ಹಿರಿಯ ಮಿಸ್ತ್ರಿಯೊಬ್ಬರು ಎರಡು ಭಾನುವಾರ ಪಕ್ಕದಲ್ಲಿ ಕುಳಿತು ಕಲಿಸಿದರು. ಬ್ರೇಕಿನಿಂದ ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲು ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ. ಯಜಮಾನರು ಊರಲ್ಲಿರಲಿಲ್ಲ. ಧಾರವಾಡದ ನಮ್ಮ ಅತ್ತೆ ಸೆರಗು ಸಿಕ್ಕಿಸಿ ಡ್ರೈವರ್ ಸೀಟಿನಲ್ಲಿ ಕುಳಿತರು. “ಒತ್ತೀನವ್ವಾ, ಬಿಡ್ಲೇನು?” “ಬ್ಯಾಡ್ರೀ ಅತ್ತಿ, ಹಿಡೀರಿ!” ಗುಳ್ಳೆ ನಿಲ್ಲುವವರೆಗೆ ನಾಲ್ಕೂ ಚಕ್ರಕ್ಕೆ ಹೀಗೇ ಮಾಡಿದೆವು.

ಅಲ್ಲಿಂದ ಕಲಿತ ಕೆಲವು ಮಾತು ನಿಮಗೂ ಹೇಳುತ್ತೇನೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ; ಗಟ್ಟಿ ಸ್ಟ್ಯಾಂಡು ಇಡಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕೊಡಿ. ಗೇರ್ ಆಯಿಲ್ ಬದಲಿಸುವಾಗ ತುಂಬುವ ಬಿರಡೆಯನ್ನು ಮೊದಲು ಬಿಚ್ಚಿ ನೋಡಿ. ಹಳೆಯ ಗಾಡಿಯಲ್ಲಿ ಅದು ಬಿಗಿದುಕೊಂಡಿರುತ್ತದೆ; ಕೆಳಗಿನದನ್ನು ಬಿಚ್ಚಿ ಆಯಿಲ್ ಸುರಿಸಿದ ಮೇಲೆ ಇದು ಬಿಚ್ಚದಿದ್ದರೆ ಗತಿಯಿಲ್ಲ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಹಿಂದು ಮುಂದಿನ ಡಿಫರೆನ್ಶಿಯಲ್, ಹೀಗೆ ಜಿಪ್ಸಿಯಲ್ಲಿ ನಾಲ್ಕು ಕಡೆ ನೋಡಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ ನೀರು ಹೊಕ್ಕಿದೆ ಎಂದರ್ಥ.

ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು. ಹಿಂದಿನದಕ್ಕೆ ಕಟ್ಟಿಹಾಕಿದರೆ ಗೇರುಗಳು ಬಿಗಿದುಕೊಳ್ಳುತ್ತವೆ. ಹಾಗೆಂದು ಹಾಕದೇ ಬಿಟ್ಟರೂ ಜಡ್ಡುಗಟ್ಟುತ್ತದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ಓಡಿಸುತ್ತೇನೆ.

ದೊಡ್ಡ ಟೈರು ತೆಗೆದು ಕಂಪನಿಯ ಅಳತೆಯದನ್ನೇ ಹಾಕಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ನವೀಕರಿಸಲು ಹೋದಾಗ ಆರ್‌ಟಿಓದಲ್ಲಿ ಗಾಡಿ ತೋರಿಸಬೇಕಲ್ಲ! ಹೆಚ್ಚಿನ ಲೈಟು ಕೂಡ ಹೋಯಿತು. ಬದಲಿಗೆ ಹೆಡ್‌ಲೈಟಿಗೆ ರಿಲೇ, ಫ್ಯೂಸು ಹಾಕಿ ಹೊಸ ತಂತಿ ಎಳೆದೆ; ಅದೇ ಬಲ್ಬು ಈಗ ಚೆನ್ನಾಗಿ ಉರಿಯುತ್ತದೆ. ಮೊದಲು ನಿಲ್ಲುವುದು, ಆಮೇಲೆ ಕಾಣುವುದು, ಚೆಂದ ಕೊನೆಗೆ. ಈಗ ನನ್ನ ಖರ್ಚಿನ ಲೆಕ್ಕ ಇದೇ ಸಾಲಿನಲ್ಲಿದೆ.

ಕಳೆದ ದತ್ತ ಜಯಂತಿಗೆ ಮತ್ತೆ ನಾರಾಯಣಪುರಕ್ಕೆ ಹೋಗಿದ್ದೆವು. ಸುರಂಗ ದಾಟಿದ ಮೇಲೆ ಎರಡನೇ ಗೇರಿನಲ್ಲಿ ನಿಧಾನ ಇಳಿಸಿದೆ. “ಅತ್ತಿ, ಹೆದರಿಕಿ ಆಗ್ತದೇನ್ರೀ?” ಎಂದು ಕೇಳಿದೆ. “ಯಾಕ? ಬ್ರೇಕ್ ನಾನ ಒತ್ತಿದ್ದು” ಎಂದರು.

ನಿಮ್ಮದು ಹೊಸ ಕಾರೇ ಇರಲಿ, ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು ಎಂದು ಇಂದು ಮನೆಗೆ ಹೋಗಿ ನೋಡಿ. ಎರಡು ದಾಟಿದ್ದರೆ ತಡಮಾಡಬೇಡಿ.